ಕೌದಿ ಒದ್ದೆಯಾದ ಬೆಳಿಗ್ಗೆ



ಎರಡು ವರ್ಷದ ಕೂಸಿರುವ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಒದ್ದೆಯಾದ ಕೌದಿಯನ್ನು ಹೊರಗೆ ಒಯ್ದು ಬಿಸಿಲಿಗೆ ಹಾಕಬೇಕು. ಮಸಗುಪ್ಪಿ, ಗೋಕಾಕ, ಹುಕ್ಕೇರಿ ಕಡೆಯ ಊರುಗಳಲ್ಲಿ ಅದೇ ಹೊತ್ತಿಗೆ ರೊಟ್ಟಿ ಬಡಿಯಬೇಕು, ಹೊಲಕ್ಕೂ ಹೊರಡಬೇಕು. ಅಷ್ಟರಲ್ಲಿ ಮಗು ಈಗಷ್ಟೇ ಹಾಕಿದ ಚೊಣ್ಣದಲ್ಲಿ ಉಚ್ಚೆ ಮಾಡಿಕೊಳ್ಳುತ್ತದೆ. ಸಿಟ್ಟು ಬರುತ್ತದೆ, ಬೆನ್ನ ಮೇಲೆ ಏಟು ಬೀಳುತ್ತದೆ. ಆ ಏಟಿನ ಬಗ್ಗೆ ಇಂದು ಸ್ವಲ್ಪ ಯೋಚಿಸೋಣ.

ಮಲಮೂತ್ರಗಳನ್ನು ತಡೆದುಕೊಳ್ಳುವ ಶಕ್ತಿ ನರಗಳೂ ಮಿದುಳೂ ಬಲಿತ ಮೇಲೆಯೇ ಬರುತ್ತದೆ. ಹೆಚ್ಚಿನ ಮಕ್ಕಳು ಒಂದೂವರೆಯಿಂದ ಮೂರು ವರ್ಷದೊಳಗೆ ಇದಕ್ಕೆ ಸಿದ್ಧರಾಗುತ್ತಾರೆ. ನಮ್ಮ ಅಜ್ಜಿಯಂದಿರು ಕಾಲು ನೀಡಿ ಕುಳಿತು, ಪಾದಗಳ ಮೇಲೆ ಕೂಸನ್ನು ಕೂರಿಸಿ 'ಸ್ಸ್' ಎನ್ನುವುದು ಒಳ್ಳೆಯ ರೂಢಿಯೇ. ಆದರೆ ಅಲ್ಲಿ ಹೊತ್ತು ನೋಡುವವರು ಅಜ್ಜಿ. ಮಗು ತಾನಾಗಿ ತಿಳಿದು ಹೇಳುವುದು ಆಮೇಲಿನ ಮಾತು.

ಸುಮಾರು ಎರಡು ತಾಸು ಬಟ್ಟೆ ಒಣಗಿರುತ್ತದೆಯೇ? ಮಗುವಿಗೆ ಕುಕ್ಕರಗಾಲಿನಲ್ಲಿ ಕೂತು ಏಳಲು ಬರುತ್ತದೆಯೇ? ಒದ್ದೆಯಾದರೆ ಬಂದು ತೋರಿಸುತ್ತದೆಯೇ? ಹಾಗಾದರೆ ಕಲಿಸಲು ತೊಡಗಿರಿ. ಎದ್ದ ಕೂಡಲೇ ಮತ್ತು ಊಟವಾದ ಮೇಲೆ ಕೂರಿಸಿರಿ. ಹೊಟ್ಟೆ ತುಂಬಿದಾಗ ಕರುಳು ತಾನಾಗಿ ಚಲಿಸುತ್ತದೆ. ಐದು ನಿಮಿಷ ಸಾಕು. ದೊಡ್ಡವರ ಸಂಡಾಸದಲ್ಲಿ ಕಾಲು ಅಗಲಿಸಿ ಕೂರಲು ಮಗು ಹೆದರುತ್ತದೆ, ಕೈ ಹಿಡಿದುಕೊಳ್ಳಿರಿ. ಇದು ತಾಯಿಯೊಬ್ಬಳ ಕೆಲಸವಲ್ಲ, ತಂದೆಯೂ ಮಾಡಲಿ. ಬೇರೆಡೆ ಕೂರಿಸಿದ್ದರೆ ಮಲವನ್ನು ಸಂಡಾಸಕ್ಕೇ ಹಾಕಿ ನೀರು ಸುರಿಯಿರಿ. ಕೂಸಿನದಲ್ಲವೇ ಎಂದು ತಿಪ್ಪೆಗೆ ಎಸೆಯಬೇಡಿರಿ. ಅದರಲ್ಲೂ ಭೇದಿ ತರುವ ರೋಗಾಣುಗಳಿರುತ್ತವೆ. ಬಳಿಕ ನಿಮ್ಮ ಕೈಯನ್ನೂ ಮಗುವಿನ ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ಇನ್ನು ಏಟಿನ ಮಾತು. ಹೆದರಿದ ಮಗು ಮಲವನ್ನು ತಡೆದುಕೊಳ್ಳುತ್ತದೆ. ತಡೆದಷ್ಟೂ ಅದು ಗಟ್ಟಿಯಾಗಿ ನೋವು ಕೊಡುತ್ತದೆ. ನೋವಿಗೆ ಅಂಜಿ ಮಗು ಮತ್ತೆ ತಡೆಯುತ್ತದೆ. ಹಣ್ಣು, ತರಕಾರಿ, ಬೇಳೆ, ಸಾಕಷ್ಟು ನೀರು ಕೊಡಿರಿ. ನೋವು ಮುಂದುವರಿದರೆ ಅಥವಾ ರಕ್ತ ಕಂಡರೆ ವೈದ್ಯರಿಗೆ ತೋರಿಸಿರಿ. ರಾತ್ರಿ ಹಾಸಿಗೆ ಒದ್ದೆಯಾಗುವುದಂತೂ ಐದು ವರ್ಷದವರೆಗೆ ಸಹಜ. ಅದು ನಿದ್ದೆಯಲ್ಲಿ ಆಗುವಂಥದ್ದು, ಹಟದಿಂದಲ್ಲ.

ಏಟು ತಿಂದ ಮಗು ಮರುದಿನ ಬಾಗಿಲ ಹಿಂದೆ ಅಡಗಿ ಕೂರುತ್ತದೆ. ಇದನ್ನು ನೋಡಿದಾಗ ಆದಿಕಾಂಡದ ಮೂರನೆಯ ಅಧ್ಯಾಯವನ್ನು ನೆನೆಯಿರಿ. ಆದಾಮನೂ ಹೆದರಿ ಮರಗಳ ನಡುವೆ ಅಡಗಿಕೊಂಡನು. ದೇವರು ಅವನನ್ನು ಹುಡುಕಿ ಕರೆದರು. ತಪ್ಪಿನ ಫಲವನ್ನು ತಿಳಿಸಿದರು ನಿಜ. ಆದರೂ ತೋಟದಿಂದ ಹೊರಗೆ ಕಳುಹಿಸುವ ಮೊದಲು ಅವನಿಗೂ ಅವನ ಹೆಂಡತಿಗೂ ತಾವೇ ಉಡುಪು ಮಾಡಿ ತೊಡಿಸಿದರು. ಆದಾಮನು ಪಾಪ ಮಾಡಿದ್ದನು; ನಿಮ್ಮ ಕೂಸು ಮಾಡಿದ್ದು ಪಾಪವೇ ಅಲ್ಲ. ಅಂದಮೇಲೆ ಅದನ್ನು ಕರೆದು, ತೊಳೆದು, ಒಣ ಬಟ್ಟೆ ತೊಡಿಸುವುದು ನಮಗೆ ಭಾರವಾಗಬೇಕೇ?

ಮಕ್ಕಳ ಮನಸ್ಸು ಕುಗ್ಗುವಂತೆ ಅವರನ್ನು ಕೆಣಕಬಾರದೆಂದು ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ತಂದೆಯರನ್ನು ಎಚ್ಚರಿಸುತ್ತಾರೆ. ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬಗಳ ಕುರಿತು ಪ್ರಕಟಿಸಿದ 'ಅಮೋರಿಸ್ ಲೆತೀಸಿಯ'ದಲ್ಲಿಯೂ ಮಗುವಿನ ವಯಸ್ಸು ಮತ್ತು ಶಕ್ತಿಯನ್ನು ನೋಡಿ ನಿಧಾನವಾಗಿ ಮುನ್ನಡೆಯಬೇಕೆಂಬ ಬೋಧನೆಯಿದೆ. ದೇವರನ್ನು ತಂದೆ ಎಂದು ಕರೆಯಲು ನಾಳೆ ಈ ಮಗುವಿಗೆ ಕಲಿಸುವವರು ನಾವೇ. ತಂದೆ ಎಂದರೆ ಹೇಗಿರುತ್ತಾರೆಂದು ಅದು ಇಂದೇ ನಮ್ಮ ಕೈಗಳಿಂದ ಅರಿಯುತ್ತಿದೆ.

ಈ ವಾರ ಸಂಜೆಯ ಜಪಸರದ ಬಳಿಕ ಗಂಡಹೆಂಡತಿ ಕೂಡಿ ಮಾತಾಡಿರಿ:

1. ನಮ್ಮ ಮಗು ಒದ್ದೆಯಾದಾಗ ನಮ್ಮ ಬಳಿಗೆ ಬರುತ್ತದೆಯೋ, ಅಡಗುತ್ತದೆಯೋ?

2. ಬೆಳಗಿನ ಕೆಲಸಗಳಲ್ಲಿ ಯಾವುದನ್ನು ತಂದೆ ವಹಿಸಿಕೊಂಡರೆ ತಾಯಿಯ ಸಿಟ್ಟು ಇಳಿದೀತು?