ಕೋವಿಯ ಬಲವೂ ನಮ್ಮ ಹೊಲದ ಜಿಂಕೆಯೂ



ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಸದಸ್ಯರು ಸಂಘದ ಕಛೇರಿಗೆ ಬಂದಾಗ ಕೇಳುವ ಪ್ರಶ್ನೆ ಒಂದಿದೆ: "ಬೆಳೆ ರಕ್ಷಣೆಗೆಂದೇ ಕೋವಿಗೆ ಲೈಸೆನ್ಸ್ ಕೊಟ್ಟಿದ್ದಾರೆ. ಕಡಲೆಕಾಯಿ ಚಿಗುರು ಮೇಯುವ ಜಿಂಕೆಗೆ ಒಂದು ಈಡು ಹೊಡೆದರೆ ತಪ್ಪೇನು ಸ್ವಾಮಿ?" ಇದಕ್ಕೆ ಕಾನೂನು ಕೊಡುವ ಉತ್ತರ ಒಂದು, ಕೋವಿಯೇ ಕೊಡುವ ಉತ್ತರ ಇನ್ನೊಂದು. ಮೊದಲು ಕೋವಿಯ ಮಾತು ಕೇಳೋಣ.

ಕೋವಿಯ ಬಲವನ್ನು ಸದ್ದಿನಿಂದ ಅಳೆಯಲಾಗದು; ಗುಂಡಿನ ತೂಕ ಮತ್ತು ವೇಗದಿಂದ ಅಳೆಯಬೇಕು. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ; ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಜಿಂಕೆ ಬೇಟೆಗೆ ಅವಕಾಶವಿರುವ ಇಂಗ್ಲೆಂಡಿನಲ್ಲಿ 1991ರ ಕಾಯಿದೆಯಂತೆ, ಎರಡು ಸಣ್ಣ ಜಾತಿಗಳನ್ನು ಬಿಟ್ಟರೆ, ರೈಫಲ್ಲಿನ ಶಕ್ತಿ ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡಿಗೆ, ಎಂದರೆ ಸುಮಾರು 2,300 ಜೌಲಿಗೆ, ಕಡಿಮೆ ಇರಕೂಡದು. ಬೆಳೆ ಉಳಿಸಲು ಚರೆ ಹೊಡೆಯುವ ರೈತನಿಗೂ ಅಲ್ಲಿ ನಿಯಮವಿದೆ: ಕೋವಿ 12 ಬೋರಿಗೆ ಕಡಿಮೆಯಿರಬಾರದು, ಒಂದೊಂದು ಚರೆಯೂ 5.16 ಮಿ.ಮೀ. ದಪ್ಪವಿರಬೇಕು. ಪ್ರಾಣಿ ನರಳದೆ ಬೀಳಲಿ ಎಂಬುದೇ ಇದರ ಉದ್ದೇಶ.

ಈಗ ನಮ್ಮ ಅಟ್ಟದ ಮೇಲಿನ ಕೋವಿಗೆ ಬನ್ನಿ. ಹಕ್ಕಿ ಹೊಡೆಯುವ 6ನೇ ನಂಬರಿನ ಚರೆ ಒಂದರ ತೂಕ ಸುಮಾರು ಗ್ರಾಮಿನ ಹತ್ತನೇ ಒಂದು ಪಾಲು. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೂ ಅದರ ಶಕ್ತಿ 8 ಜೌಲ್ ಮಾತ್ರ. ದೂರ ಹೋದಂತೆ ಅದೂ ಕುಗ್ಗುತ್ತದೆ. ಹತ್ತಾರು ಚರೆ ತಗುಲಿದರೂ ಅವು ಸೇರಿ ಒಂದು ಗುಂಡಾಗುವುದಿಲ್ಲ. ಕೇಪಿನ ಕೋವಿಯಲ್ಲಂತೂ ಮದ್ದು ಕೈಯಳತೆ. ಒಂದು ಈಡಿನಂತೆ ಇನ್ನೊಂದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕಾಲೇಜಿನ ರಜೆಯಲ್ಲಿ ಊರಿಗೆ ಬಂದಿದ್ದಾಗ ತಂದೆಯವರಿಗೆ ಹೇಳದೆ ಕೋವಿ ಹಿಡಿದು ಹೋಗಿ, ಹೊಲದಲ್ಲಿದ್ದ ಜಿಂಕೆಗೆ ಹೊಡೆದೆ. ಅದು ಕುಂಟುತ್ತಾ ಓಡಿತು. ಮೂರನೆಯ ದಿನ ಹಳ್ಳದಲ್ಲಿ ಸಿಕ್ಕಿತು. ಗಾಯದಲ್ಲಿ ಹುಳು ಬಿದ್ದಿತ್ತು, ಜೀವ ಇನ್ನೂ ಇತ್ತು. ತಂದೆಯವರು ಬೈಯಲಿಲ್ಲ. "ಕೊಲ್ಲಲಾರದ ಕೋವಿಯನ್ನು ಎತ್ತಬಾರದಿತ್ತು" ಎಂದಷ್ಟೇ ಹೇಳಿದರು.

ಇನ್ನು ಕಾನೂನು. ನಾವು ಜಿಂಕೆ ಎನ್ನುವುದು ಹೆಚ್ಚಾಗಿ ಕೃಷ್ಣಮೃಗವನ್ನು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಅದಕ್ಕಾಗಿಯೇ 798 ಎಕರೆಯ ಜಯಮಂಗಲಿ ಸಂರಕ್ಷಣಾ ಮೀಸಲು 2007ರಲ್ಲಿ ಘೋಷಣೆಯಾಯಿತು. ಬೇಲಿಯಿಲ್ಲದ ಆ ಹುಲ್ಲುಗಾವಲಿನ ಸುತ್ತ ನಮ್ಮವರ ಹೊಲಗಳೇ. 1972ರ ವನ್ಯಜೀವಿ ಕಾಯಿದೆಯ 1ನೇ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರೂ ಅನುಮತಿ ಕೊಡುವಂತಿಲ್ಲ. ಕೊಂದವರಿಗೆ 3ರಿಂದ 7 ವರ್ಷ ಸಜೆ, ಕನಿಷ್ಠ 25,000 ರೂಪಾಯಿ ದಂಡ. ಕೋವಿಯ ಲೈಸೆನ್ಸು ಕೋವಿ ಇಟ್ಟುಕೊಳ್ಳಲು ಮಾತ್ರ. ಅದು ಬೇಟೆಯ ಪರವಾನಗಿ ಅಲ್ಲ.

ಹಾಗಾದರೆ ಬೆಳೆ ಉಳಿಸುವುದು ಹೇಗೆ?

1. ಪೈರು ಎಳೆಯದಿರುವಾಗ ಅಕ್ಕಪಕ್ಕದ ಹೊಲದವರು ಸರದಿಯ ಮೇಲೆ ಕಾವಲು ಕಾಯಿರಿ.

2. ಎಳೆ ಅಡಿಕೆ ಸಸಿಗಳಿಗೆ ಒಂದೊಂದಕ್ಕೂ ಮುಳ್ಳಿನ ಕಾಪು ಕಟ್ಟಿ.

3. ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಎಂದಿಗೂ ಕೊಡಬೇಡಿ. ಅದು ಅಪರಾಧ, ನಿಮ್ಮ ಮನೆಯವರ ಜೀವವನ್ನೇ ತೆಗೆದೀತು.

4. ನಷ್ಟವಾದ ಕೂಡಲೇ ಫೋಟೋ ತೆಗೆದು, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ ಸಹಿತ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಪರಿಹಾರದ ಅರ್ಜಿ ಕೊಡಿ. ತಡಮಾಡಿದರೆ ಗುರುತು ಅಳಿಯುತ್ತದೆ. ಅರ್ಜಿ ಬರೆಯಲು ಬಾರದವರು ಸಂಘಕ್ಕೆ ಬನ್ನಿ, ನಾವು ಬರೆದುಕೊಡುತ್ತೇವೆ.

ಬೆಳೆ ಹೋದ ಸಂಕಟ ನನಗೂ ಗೊತ್ತು. ಆದರೆ ಹೋದ ಬೆಳೆ ಮುಂದಿನ ಮಳೆಗೆ ಮತ್ತೆ ಬಂದೀತು. ಹಳ್ಳದಲ್ಲಿ ಕಂಡ ಆ ಕಣ್ಣುಗಳು ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ.

– ಕಾರ್ಯದರ್ಶಿ