ಊರಿಗೆಲ್ಲ ಬೇಕಾಗಿದ್ದ ಅಪ್ಪ

ಮಗಳೇ,

ನಿನ್ನ ಆಫೀಸಿನ ಗೆಳತಿಯ ತಂದೆ ತೀರಿಕೊಂಡರು, ಬರುವ ಭಾನುವಾರ ಅವರು ದುಡಿದ ಸಂಘದವರು ಕರೆದಿರುವ ಸಭೆಯಲ್ಲಿ ಅವಳು ಅಪ್ಪನ ಬಗ್ಗೆ ನಾಲ್ಕು ಮಾತಾಡಬೇಕು, ಏನು ಹೇಳಬೇಕೋ ತೋಚುತ್ತಿಲ್ಲವಂತೆ ಎಂದು ನೀನು ಹೇಳಿದೆ. ಸಿಂಗಪುರದ ಚೀನೀಯರ ಮನೆಯ ದುಃಖಕ್ಕೆ ಇಲ್ಲಿ ಕೂತ ದೊಡ್ಡಪ್ಪ ಏನು ಹೇಳಿಯಾನು ಎಂದು ಮೊದಲು ಅನ್ನಿಸಿತು. ಆದರೆ ಸಂಘ-ಸಂಸ್ಥೆ ಎಂದು ಜೀವ ತೇದ ಅಪ್ಪಂದಿರನ್ನು ನಾನು ಕಂಡಿದ್ದೇನೆ, ಅವರ ಮಕ್ಕಳನ್ನೂ ಕಂಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಫ್ಲಾಟಿನ ಬ್ಲಾಕಿನ ಕೆಳಗೆ, ಕಂಬಗಳ ನಡುವಿನ ತೆರೆದ ಜಾಗದಲ್ಲಿ ಐದು ದಿನ ಶವಪೆಟ್ಟಿಗೆ ಇಟ್ಟಿದ್ದರು ಎಂದೆಯಲ್ಲ. ಬಂದವರಿಗೆ ಕಡಲೆಕಾಯಿ, ಕಲ್ಲಂಗಡಿ ಬೀಜ. ಒಂದು ಬದಿಯ ಮೇಜಿನಲ್ಲಿ ಮುದುಕರೊಬ್ಬರು, ಬಿಳಿ ಲಕೋಟೆಯಲ್ಲಿ ಬಂದ ಹಣವನ್ನು ಕೊಟ್ಟವರ ಹೆಸರು ಸಮೇತ ಪುಸ್ತಕಕ್ಕೆ ಏರಿಸುತ್ತಿದ್ದರು. ‘ಸತ್ತವರ ಮನೆಗೆ ಹೋಗಿ ಈ ಲೆಕ್ಕ ಬರೆಯುವ ಕೆಲಸ ಇಷ್ಟು ವರ್ಷ ಮಾಡಿದವರು ನಿಮ್ಮಪ್ಪ’ ಎಂದು ಅವರು ಹೇಳಿದಾಗಲೇ ನಿನ್ನ ಗೆಳತಿಗೆ ಗೊತ್ತಾದದ್ದು. ಅಲ್ಲಿಯವರೆಗೆ ಅವಳು ಕಂಡದ್ದು, ಅಂಗಡಿ ಬಾಗಿಲು ಹಾಕಿ ಸಂಘಕ್ಕೆಂದು ಹೊರಡುವ ಅಪ್ಪನ ಬೆನ್ನು ಮಾತ್ರ. ಸಭೆಯಲ್ಲಿ ಅವಳು ಹೇಳಬೇಕಾದ್ದು ಇದನ್ನೇ. ‘ಸಮಾಜಸೇವಕ’, ‘ತ್ಯಾಗಮೂರ್ತಿ’ ಎಂಬ ಮಾತುಗಳನ್ನು ಬೇರೆಯವರು ಹೇಗೂ ಆಡುತ್ತಾರೆ.

ಸಿಂಗಪುರದ ಚೀನೀಯರ ಅಂಥ ಸಂಘಗಳು ಹುಟ್ಟಿದ್ದು ಹೊಟ್ಟೆಪಾಡಿನಿಂದ. ದಕ್ಷಿಣ ಚೀನಾದ ಫುಜಿಯಾನ್, ಗುವಾಂಗ್‌ಡಾಂಗ್ ಸೀಮೆಗಳಿಂದ ಗಂಡಸರು ಹೆಚ್ಚಾಗಿ ಒಂಟಿಯಾಗಿ ಹಡಗು ಹತ್ತಿ ಬರುತ್ತಿದ್ದರು. ಒಂದೇ ಊರಿನವರು, ಒಂದೇ ಮಾತಿನವರು, ಒಂದೇ ಮನೆತನದ ಹೆಸರಿನವರು ಸೇರಿ ಸಂಘ ಕಟ್ಟಿಕೊಂಡರು. ಹೊಸಬನಿಗೆ ಮಲಗಲು ಜಾಗ, ಕೆಲಸಕ್ಕೊಂದು ಶಿಫಾರಸು, ಊರಿಗೆ ಕಾಗದ ಬರೆದುಕೊಡುವುದು, ದಿಕ್ಕಿಲ್ಲದೆ ಸತ್ತವನನ್ನು ಮಣ್ಣು ಮಾಡುವುದು, ಎಲ್ಲವೂ ಸಂಘದ ಪಾಲಿನ ಕೆಲಸ. ಸಿಂಗಪುರದ ಥಾಂಗ್ ಚಾಯ್ ವೈದ್ಯಶಾಲೆ 1867ರಲ್ಲಿ ಶುರುವಾದದ್ದು. ಅಲ್ಲಿ ಯಾವ ಜನಾಂಗದ ಬಡವ ಬಂದರೂ ಔಷಧಿ ಪುಕ್ಕಟೆ. ಹಾಂಗ್‌ಕಾಂಗಿನಲ್ಲಿ 1870ರಲ್ಲಿ ಸ್ಥಾಪನೆಯಾದ ತುಂಗ್ ವಾ ಆಸ್ಪತ್ರೆ, ದೂರದೇಶದಲ್ಲಿ ಸತ್ತ ಚೀನೀಯರ ಅಸ್ಥಿಯನ್ನು ಅವರವರ ಹಳ್ಳಿಗೆ ತಲುಪಿಸುವ ಹೊಣೆಯನ್ನೂ ಹೊತ್ತಿತ್ತು. ಹಣ ಕೊಟ್ಟ ಸಿರಿವಂತರ ಹೆಸರು ಕಲ್ಲಿನಲ್ಲಿ ಕೆತ್ತಿರುತ್ತದೆ. ಆದರೆ ಇಂಥವು ಇಷ್ಟು ಕಾಲ ಉಳಿದಿರುವುದು, ಹಗಲು ದುಡಿದು ರಾತ್ರಿ ಲೆಕ್ಕ ಬರೆಯಲು ಕೂತ ಮಧ್ಯಮ ವರ್ಗದ ಅಪ್ಪಂದಿರಿಂದ.

ಅಪ್ಪನ ಹೆಸರು ಉಳಿಸಿದ ಒಬ್ಬ ಮಗನ ವಿಷಯವನ್ನೂ ಹೇಳಲೇಬೇಕು. ನೀನು ಆಗಾಗ ಹಾದುಹೋಗುವ ಡೌನ್‌ಟೌನ್ ಮೆಟ್ರೋ ಮಾರ್ಗದಲ್ಲಿ ಟಾನ್ ಕಾ ಕೀ ಎಂಬ ನಿಲ್ದಾಣವಿದೆ. ಆ ಹೆಸರಿನವರು ಹುಟ್ಟಿದ್ದು 1874ರಲ್ಲಿ, ಫುಜಿಯಾನ್ ಸೀಮೆಯ ಜಿಮೇ ಎಂಬ ಕಡಲತಡಿಯ ಊರಿನಲ್ಲಿ. ಅಪ್ಪ ಸಿಂಗಪುರದಲ್ಲಿ ಅಕ್ಕಿ ವ್ಯಾಪಾರಿ; ಮಗ ಬೆಳೆದದ್ದು ಊರಿನಲ್ಲಿ, ತಾಯಿಯ ಮಡಿಲಲ್ಲಿ. ಹದಿನಾರರ ವಯಸ್ಸಿಗೆ, 1890ರಲ್ಲಿ, ಅಪ್ಪನ ಅಂಗಡಿಗೆ ಬಂದು ಸೇರಿದರು. 1903ರ ಹೊತ್ತಿಗೆ ಅಪ್ಪನ ವ್ಯಾಪಾರ ಮುಳುಗಿ ಮೈತುಂಬ ಸಾಲವಾಗಿತ್ತು. ಅಪ್ಪನ ಸಾಲ ಮಗ ತೀರಿಸಲೇಬೇಕು ಎಂಬ ಕಾನೂನು ಅಲ್ಲಿರಲಿಲ್ಲ. ‘ಎಳೆತನದಲ್ಲಿ ದೂರವೇ ಇದ್ದ ಅಪ್ಪ, ನನಗೇನು ಸಂಬಂಧ’ ಎಂದು ಮಗ ಅಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಅನಾನಸ್ ಡಬ್ಬಿಗೆ ತುಂಬುವ ಕಾರ್ಖಾನೆ ಹಾಕಿ, ಕೆಲವೇ ವರ್ಷಗಳಲ್ಲಿ ಸಾಲ ಕೊಟ್ಟವರ ಲೆಕ್ಕ ಚುಕ್ತಾ ಮಾಡಿದರು. ಅಪ್ಪನ ಹೆಸರು ಉಳಿಸುವುದು ಎಂದರೆ ಇದು ಎಂದು ನಾನು ತಿಳಿದಿದ್ದೇನೆ.

ಆಮೇಲೆ ರಬ್ಬರಿನಲ್ಲಿ ಕೈತುಂಬ ಗಳಿಸಿದರು, ಗಳಿಸಿದ್ದನ್ನು ಶಾಲೆಗೆ ಸುರಿದರು. 1913ರಲ್ಲಿ ಹುಟ್ಟೂರಿನಲ್ಲಿ ಪ್ರಾಥಮಿಕ ಶಾಲೆ, 1919ರಲ್ಲಿ ಸಿಂಗಪುರದಲ್ಲಿ ಚೀನೀ ಹೈಸ್ಕೂಲು, 1921ರಲ್ಲಿ ಷಿಯಾಮೆನ್ ವಿಶ್ವವಿದ್ಯಾಲಯ. ರಬ್ಬರಿನ ಬೆಲೆ ಕುಸಿದು 1934ರಲ್ಲಿ ಕಂಪನಿ ಮುಚ್ಚಿತು. ಹಾಗಿದ್ದೂ 1937ರಲ್ಲಿ ಚೀನಾ ಸರ್ಕಾರಕ್ಕೆ ಒಪ್ಪಿಸುವವರೆಗೆ ವಿಶ್ವವಿದ್ಯಾಲಯವನ್ನು ಬಿಡಲಿಲ್ಲ. ಅವರ ಕಥೆ ಹೇಳುವವರು ದಾನದ ಬಳಿ ನಿಂತುಬಿಡುತ್ತಾರೆ. ಆ ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು, ದಾನಕ್ಕೆ ಹೋದದ್ದರಲ್ಲಿ ಅವರ ಪಾಲೂ ಇತ್ತು ಎಂಬುದನ್ನು ಹೆಚ್ಚಿನವರು ಎತ್ತುವುದಿಲ್ಲ. ಆದರೂ ಕೊಡುವ ಗುಣ ಆ ಮನೆಯಲ್ಲಿ ಮುಂದುವರಿಯಿತು. ಅವರ ಅಳಿಯ ಲೀ ಕಾಂಗ್ ಚಿಯಾನ್, ಮಾವನ ಕಂಪನಿಯಲ್ಲಿ ಕೆಲಸ ಕಲಿತು, ಮುಂದೆ ತಾವೇ ದೊಡ್ಡ ರಬ್ಬರ್ ವ್ಯಾಪಾರಿಯಾಗಿ 1952ರಲ್ಲಿ ಲೀ ಪ್ರತಿಷ್ಠಾನ ಸ್ಥಾಪಿಸಿದರು. ಅದು ಇವತ್ತಿಗೂ ಶಾಲೆ, ಗ್ರಂಥಾಲಯ, ಆಸ್ಪತ್ರೆಗಳಿಗೆ ಕೊಡುತ್ತಿದೆ.

ನಿನ್ನ ಗೆಳತಿಯ ಮನಸ್ಸಿನಲ್ಲಿ ಒಂದು ನೋವಿದೆ ಎಂದೆಯಲ್ಲ: ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪ ಬರಲಿಲ್ಲ, ಅವತ್ತು ಸಂಘದಲ್ಲಿ ಯಾರದೋ ಕೆಲಸವಿತ್ತು. ಆ ನೋವನ್ನು ನುಂಗಿಕೊಂಡು ಹೊಗಳುವುದು ಬೇಡ. ದೂರಾಗಿಯೂ ಆಡುವುದು ಬೇಡ. ಇದ್ದದ್ದನ್ನು ಇದ್ದ ಹಾಗೆ, ಪ್ರೀತಿಯಿಂದ ಹೇಳಲಿ. ಅಪ್ಪ ಎಷ್ಟೇ ಹೊತ್ತಾಗಿ ಬಂದರೂ ಮಲಗಿದ್ದ ಮಕ್ಕಳ ಹೊದಿಕೆ ಸರಿಮಾಡಿಯೇ ಊಟಕ್ಕೆ ಕೂರುತ್ತಿದ್ದರಂತೆ, ಅದನ್ನೂ ಹೇಳಲಿ. ಎದುರಿಗೆ ಕೂತವರಲ್ಲಿ ಎಷ್ಟೋ ಮಂದಿ ಹಾಗೆ ಮನೆಯಿಂದ ದೂರವಿದ್ದ ಹೊತ್ತಿನಲ್ಲಿ ಅವಳ ಅಪ್ಪನಿಂದ ಉಪಕಾರ ಪಡೆದವರು. ತಮಗೆ ಸಿಕ್ಕ ಸಮಯ ಯಾವ ಮಗುವಿನದಾಗಿತ್ತು ಎಂದು ಅವರಿಗೂ ತಿಳಿಯಬೇಕು.

ಸಭೆ ಮುಗಿದ ಮೇಲಿನ ಮಾತು ಇನ್ನೂ ಮುಖ್ಯ. ಸಂಘಗಳಿಗೆ ಈಗ ಹುಡುಗರು ಬರುತ್ತಿಲ್ಲ ಎಂಬ ಕೊರಗು ಅಲ್ಲೂ ಇದೆ, ಇಲ್ಲೂ ಇದೆ. ಅವಳು ಪದಾಧಿಕಾರಿ ಆಗಬೇಕಿಲ್ಲ. ಅಪ್ಪ ಮಾಡುತ್ತಿದ್ದುದರಲ್ಲಿ ತನ್ನ ಕೈಲಾಗುವ ಒಂದೇ ಒಂದು ಕೆಲಸ ಹಿಡಿದುಕೊಳ್ಳಲಿ, ಬಿಡದೆ ಮಾಡಲಿ.

ಇನ್ನು ಅವಳ ತಾಯಿ. ಗಂಡ ಸಂಘದಲ್ಲಿದ್ದಾಗ ಅಂಗಡಿ, ಅತ್ತೆ, ಮೂರು ಮಕ್ಕಳು, ಎಲ್ಲ ನೋಡಿಕೊಂಡವರು ಅವರು. ಅವರಿಗೆ ಸರಾಗವಾಗಿ ಬರುವುದು ತಿಯೋಚ್ಯೂ ಎಂಬ ಚೀನೀ ನುಡಿ. 1979ರಲ್ಲಿ ಸಿಂಗಪುರ ಸರ್ಕಾರ ‘ಮ್ಯಾಂಡರಿನ್ ಮಾತಾಡಿ’ ಆಂದೋಲನ ಶುರು ಮಾಡಿದ ಮೇಲೆ ಅಂಥ ಮನೆಮಾತುಗಳು ಹಿಂದೆ ಸರಿದವು. ಮೊಮ್ಮಕ್ಕಳಿಗೆ ಅರ್ಧವೂ ಅರ್ಥವಾಗುವುದಿಲ್ಲ. ಅಪ್ಪನ ಕಥೆ ಪೂರ್ತಿ ಗೊತ್ತಿರುವುದು ಆ ತಾಯಿಗೆ, ಅದೂ ಆ ಮಾತಿನಲ್ಲಿ. ಭಾನುವಾರದವರೆಗೆ ಕಾಯುವುದು ಬೇಡ. ನಾಳೆಯೇ ತಾಯಿಯ ಪಕ್ಕ ಕೂತು, ಫೋನಿನಲ್ಲಿ ರೆಕಾರ್ಡ್ ಹಾಕಿ, ಅವರು ಹೇಳಿದಷ್ಟನ್ನೂ ಕೇಳಿಸಿಕೊಳ್ಳಲು ಹೇಳು. ಬೇಕಾದರೆ ನೀನೂ ಜೊತೆಗೆ ಹೋಗು.