ಸುಸ್ತಿಗೆ ಪಾಸ್ ಮಾರ್ಕ್ ಎಷ್ಟು?

ಕಂಪ್ಲಿಯಲ್ಲಿರುವ ನಮ್ಮ ಅತ್ತೆಗೆ ಹೋದ ವರ್ಷ ನಾನೊಂದು ಫಿಟ್‌ನೆಸ್ ಬ್ಯಾಂಡ್ ಕೊಡಿಸಿದೆ. ಅದರ ಹಿಂದಿನ ಮಳೆಗಾಲದಲ್ಲಿ ಅವರಿಗೆ ಚಿಕುನ್‌ಗುನ್ಯಾ ಬಂದಿತ್ತು. ಜ್ವರ ಹೋಯ್ತು, ಕೀಲುನೋವು ನಿಧಾನಕ್ಕೆ ಕಮ್ಮಿ ಆಯ್ತು, ಸುಸ್ತು ಮಾತ್ರ ಬಿಡಲಿಲ್ಲ. ರಕ್ತ, ಥೈರಾಯ್ಡ್, ಶುಗರ್, ಬಿ12 ಎಲ್ಲಾ ಪರೀಕ್ಷೆ ಮಾಡಿಸಿದ್ವಿ. "ರಿಪೋರ್ಟ್ ಎಲ್ಲಾ ನಾರ್ಮಲ್ ಐತಮ್ಮ, ದಿನಾ ವಾಕಿಂಗ್ ಮಾಡು, ಟೆನ್ಷನ್ ತಗೋಬ್ಯಾಡ" ಅಂದರು ಒಬ್ಬ ಡಾಕ್ಟರು. ನನಗೂ ಅದೇ ಸರಿ ಅನ್ನಿಸಿತು. ವಾರಕ್ಕೆ 500 ಹೆಜ್ಜೆ ಜಾಸ್ತಿ ಮಾಡುತ್ತಾ ಹೋಗಬೇಕು ಅಂತ ಎಕ್ಸೆಲ್ ಶೀಟ್ ಕೂಡ ಮಾಡಿಕೊಟ್ಟೆ.

ಅತ್ತೆ ಮೂರು ವಾರ ನಡೆದರು. ನಾಲ್ಕನೇ ವಾರ ಹಂಪಿ ತೇರಿಗೆ ಹೋಗಿ ಬಂದರು. ಅವತ್ತು ಚೆನ್ನಾಗೇ ಇದ್ದರು. ಮರುದಿನ ಸಂಜೆ ಹಾಸಿಗೆ ಹಿಡಿದವರು ಒಂದು ತಿಂಗಳು ಅಡುಗೆಮನೆಗೆ ಬರಲಿಲ್ಲ. "ಕೈಕಾಲಾಗ ಜೀವಾನೇ ಇಲ್ಲದಂಗ ಆಗೈತಪ್ಪ" ಅಂದರು. ಮನೆಗೆ ಬಂದವರೆಲ್ಲ ಮನಸ್ಸು ಗಟ್ಟಿ ಮಾಡ್ಕೋ ಅಂತ ಹೇಳಿ ಹೋದರು.

ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು. ನಾನು ಮಾಡಿದ ಆ ಶೀಟ್‌ಗೆ ವೈದ್ಯಕೀಯದಲ್ಲಿ ಒಂದು ಹೆಸರೇ ಇದೆ: ಗ್ರೇಡೆಡ್ ಎಕ್ಸರ್‌ಸೈಜ್ ಥೆರಪಿ. ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ಇಂಗ್ಲೆಂಡಿನಲ್ಲಿ ಸುಮಾರು 50 ಲಕ್ಷ ಪೌಂಡ್ ಖರ್ಚು ಮಾಡಿ ಒಂದು ಟ್ರಯಲ್ ನಡೆದಿದೆ, ಅದರ ಮೇಲೆ ವರ್ಷಗಟ್ಟಲೆ ಜಗಳವೂ ನಡೆದಿದೆ. ಜಗಳದ ಮುಖ್ಯ ಭಾಗ ನಮ್ಮ ಮ್ಯಾಥ್ಸ್ ಸಿಲೆಬಸ್‌ನಲ್ಲೇ ಇದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಬೆಳಿಗ್ಗೆ ಸೂರ್ಯೋದಯ ನೋಡೋಕೆ ಮಾತಂಗ ಬೆಟ್ಟ ಹತ್ತಿದರೆ ನಮಗೂ ಸುಸ್ತಾಗುತ್ತೆ. ಒಂದು ರಾತ್ರಿ ನಿದ್ದೆ ಮಾಡಿದರೆ ಸರಿಹೋಗುತ್ತೆ. ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುವ ನನ್ನ ಕಸಿನ್‌ಗೆ ಯಾವಾಗಲೂ ಸುಸ್ತು, ಆದರೆ ಅದು ನೈಟ್ ಶಿಫ್ಟ್‌ನಿಂದ ಬಂದದ್ದು. ರಕ್ತಹೀನತೆಯಿಂದ ಬರುವ ಸುಸ್ತು ಬೇರೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಸಿಎಫ್‌ಎಸ್, ಇದ್ಯಾವುದೂ ಅಲ್ಲ. ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಒಂದು ದಿನ ಬಿಟ್ಟು ದೇಹ ಪೂರ್ತಿ ಕುಸಿಯುತ್ತೆ, ಎದ್ದೇಳೋಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತೆ. ಇದಕ್ಕೆ ಪೋಸ್ಟ್ ಎಕ್ಸರ್ಷನಲ್ ಮಲೈಸ್ ಅಂತಾರೆ. ಶ್ರಮದ ನಂತರದ ಕುಸಿತ ಅನ್ನಬಹುದು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಈ ಲಕ್ಷಣ ಇದ್ದರೆ ಮಾತ್ರ ಈ ಕಾಯಿಲೆ ಅನ್ನಬೇಕು ಅಂತ ಹೇಳಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಕೆಲವು ವ್ಯಾಖ್ಯೆಗಳಲ್ಲಿ ಇದು ಕಡ್ಡಾಯ ಇರಲಿಲ್ಲ. ಅಂದರೆ ಹಳೆಯ ಎಷ್ಟೋ ಅಧ್ಯಯನಗಳಲ್ಲಿ ನಮ್ಮ ಅತ್ತೆಯಂಥವರೂ ನನ್ನ ಕಸಿನ್‌ನಂಥವರೂ ಒಂದೇ ಬುಟ್ಟಿಗೆ ಬಿದ್ದಿರಬಹುದು.

ಇನ್ನು ಇತಿಹಾಸ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸಿಬ್ಬಂದಿಗೇ ಒಂದು ವಿಚಿತ್ರ ಕಾಯಿಲೆ ಬಂತು, ಸುಮಾರು 300 ಜನಕ್ಕೆ. ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂಬ ಹೆಸರು ಬಂದದ್ದು ಅದರಿಂದ. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಶೀಟ್‌ಗಳನ್ನು ಓದಿ ಇದು ಸಾಮೂಹಿಕ ಹಿಸ್ಟೀರಿಯಾ ಅಂದುಬಿಟ್ಟರು. ರೋಗಿಗಳನ್ನು ಅವರು ಪರೀಕ್ಷೆ ಮಾಡಿರಲಿಲ್ಲ. ಕೊಟ್ಟ ಕಾರಣಗಳಲ್ಲಿ ಒಂದು, ರೋಗಿಗಳಲ್ಲಿ ಹೆಂಗಸರೇ ಜಾಸ್ತಿ ಅನ್ನೋದು! 1988ರಲ್ಲಿ ಅಮೆರಿಕದವರು ಸಿಎಫ್‌ಎಸ್ ಅಂತ ಹೆಸರಿಟ್ಟರು. ರೋಗಿಗಳಿಗೆ ಆ ಹೆಸರು ಇವತ್ತಿಗೂ ಇಷ್ಟ ಇಲ್ಲ. ಕ್ಷಯಕ್ಕೆ 'ದೀರ್ಘ ಕೆಮ್ಮು ಸಿಂಡ್ರೋಮ್' ಅಂತ ಹೆಸರಿಟ್ಟರೆ ಹೇಗಿರುತ್ತೆ, ಹಾಗೆ.

ಇದು ಬರೀ ಮನಸ್ಸಿನದು ಅನ್ನುವವರ ಎದುರು ಕೆಲವರು ವೈರಸ್ ಹುಡುಕುತ್ತಿದ್ದರು. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಪೇಪರ್ ಪ್ರಕಾರ 101 ರೋಗಿಗಳಲ್ಲಿ 67% ಜನರ ರಕ್ತದಲ್ಲಿ ಎಕ್ಸ್‌ಎಂಆರ್‌ವಿ ಎಂಬ ವೈರಸ್ ಇತ್ತು, ಆರೋಗ್ಯವಂತರಲ್ಲಿ 4% ಕೂಡ ಇಲ್ಲ. ದೊಡ್ಡ ಸುದ್ದಿ ಆಯ್ತು. ಬೇರೆ ಲ್ಯಾಬ್‌ಗಳು ಹುಡುಕಿದರೆ ಏನೂ ಸಿಗಲಿಲ್ಲ. ಕೊನೆಗೆ ನೋಡಿದರೆ ಅದು ಲ್ಯಾಬ್‌ನಲ್ಲಿ ಇಲಿಗಳ ಮೂಲಕ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಹುಟ್ಟಿದ ವೈರಸ್, ಸ್ಯಾಂಪಲ್‌ಗಳಿಗೆ ಕಲಬೆರಕೆಯಾಗಿ ಸೇರಿತ್ತು. 2011ರ ಡಿಸೆಂಬರ್‌ನಲ್ಲಿ ಸೈನ್ಸ್ ಆ ಪೇಪರನ್ನು ವಾಪಸ್ ತೆಗೆದುಕೊಂಡಿತು. ತಪ್ಪಾಯ್ತು, ಎರಡು ವರ್ಷದಲ್ಲಿ ಸರಿಹೋಯ್ತು. ಮುಂದಿನದು ಅಷ್ಟು ಬೇಗ ಮುಗಿಯಲಿಲ್ಲ.

ಅದೇ ಪೇಸ್ ಟ್ರಯಲ್. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 641 ರೋಗಿಗಳು, ನಾಲ್ಕು ಗುಂಪು. ಎಲ್ಲರಿಗೂ ಸಾಮಾನ್ಯ ವೈದ್ಯಕೀಯ ಆರೈಕೆ ಇತ್ತು. ಅದರ ಜೊತೆಗೆ ಒಂದು ಗುಂಪಿಗೆ ಯೋಚನೆಯ ರೀತಿ ಬದಲಿಸುವ ಥೆರಪಿ (ಸಿಬಿಟಿ), ಒಂದಕ್ಕೆ ನನ್ನ ಎಕ್ಸೆಲ್ ಶೀಟ್ ತರದ ವ್ಯಾಯಾಮ, ಇನ್ನೊಂದಕ್ಕೆ ಶಕ್ತಿ ಇದ್ದಷ್ಟೇ ಕೆಲಸ ಮಾಡುವ ಪದ್ಧತಿ. 2013ರಲ್ಲಿ ಅದೇ ತಂಡ ಇನ್ನೊಂದು ಪೇಪರ್‌ನಲ್ಲಿ ಸಿಬಿಟಿ ಮತ್ತು ವ್ಯಾಯಾಮದ ಗುಂಪುಗಳಲ್ಲಿ 22% ಜನ ಗುಣವಾದರು ಅಂತ ಬರೆಯಿತು.

ಗುಣ ಅಂದರೆ ಏನು? ದೇಹದ ಸಾಮರ್ಥ್ಯವನ್ನು ಒಂದು ಪ್ರಶ್ನಾವಳಿಯಿಂದ 0ಯಿಂದ 100ರವರೆಗೆ ಅಳೆಯುತ್ತಾರೆ. ಟ್ರಯಲ್‌ಗೆ ಸೇರಬೇಕಾದರೆ 65 ಅಥವಾ ಅದಕ್ಕಿಂತ ಕಮ್ಮಿ ಇರಬೇಕು, ಅಂದರೆ ಅಷ್ಟು ಕಾಯಿಲೆ ಇರಬೇಕು. ಗುಣವಾಗಲು 85 ಬೇಕು ಅಂತ ಮೂಲ ಪ್ಲಾನ್‌ನಲ್ಲಿ ಬರೆದಿತ್ತು. ಪೇಪರ್ ಬರುವಾಗ ಆ 85 ಹೋಗಿ 60 ಆಗಿತ್ತು. ಈಗ ಇನ್ನೊಂದು ಸಲ ಓದಿ. 65 ಇದ್ದವನು ರೋಗಿ ಅಂತ ಒಳಗೆ ಬರುತ್ತಾನೆ, ಹದಗೆಟ್ಟು 60ಕ್ಕೆ ಇಳಿದರೆ ಈ ಅಳತೆಯಲ್ಲಿ ಪಾಸ್! ಗುಣವಾಗಲು ಬೇರೆ ಷರತ್ತುಗಳೂ ಇದ್ದವು, ನಿಜ. ಆದರೂ ಟ್ರಯಲ್ ಶುರುವಾದ ದಿನವೇ ಸುಮಾರು 13% ಜನ ಈ ಒಂದು ಅಳತೆಯಲ್ಲಿ ಪಾಸಾಗಿದ್ದರು.

60 ಎಲ್ಲಿಂದ ಬಂತು? ಸಾಮಾನ್ಯ ಜನರ ಸರಾಸರಿ 84, ಸ್ಟ್ಯಾಂಡರ್ಡ್ ಡೀವಿಯೇಷನ್ 24, ಕಳೆದರೆ 60. ನಾರ್ಮಲ್ ಡಿಸ್ಟ್ರಿಬ್ಯೂಷನ್ ಇದ್ದಿದ್ದರೆ ಒಪ್ಪಬಹುದಿತ್ತೇನೋ. ಆದರೆ ಈ ಸ್ಕೋರ್ ಗಂಟೆಯಾಕಾರದಲ್ಲಿಲ್ಲ. ಆರೋಗ್ಯವಂತರು ಹೆಚ್ಚಿನವರು 95-100ರಲ್ಲೇ ಗುಂಪಾಗಿರುತ್ತಾರೆ. ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಕೆಳಗೆ ಉದ್ದ ಬಾಲದ ತರ ಹರಡಿರುತ್ತಾರೆ, ಆ ಸಮೀಕ್ಷೆಯಲ್ಲಿ ಅವರೂ ಸೇರಿದ್ದರು. ಆ ಬಾಲವೇ ಸರಾಸರಿಯನ್ನು ಕೆಳಗೆ ಎಳೆದು ಡೀವಿಯೇಷನ್ ಹಿಗ್ಗಿಸುತ್ತೆ. ಇಂಟರ್ನಲ್ಸ್‌ನಲ್ಲಿ ನಾವು ಇಂಥ ಲೆಕ್ಕ ಬರೆದರೆ 'ಪ್ಲಾಟ್ ಮಾಡಿ ನೋಡಿದ್ಯಾ?' ಅಂತ ಕೆಂಪು ಪೆನ್‌ನಲ್ಲಿ ಬರುತ್ತೆ.

ಇದನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಹಾಸಿಗೆಯಲ್ಲಿ ಮಲಗಿದ್ದ ರೋಗಿಗಳೇ ಇದ್ದರು. ಆಸ್ಟ್ರೇಲಿಯಾದ ಒಬ್ಬ ರೋಗಿ ನಮ್ಮ ಆರ್‌ಟಿಐ ತರದ ಬ್ರಿಟಿಷ್ ಕಾನೂನಿನಡಿ ಹೆಸರಿಲ್ಲದ ಡೇಟಾ ಕೊಡಿ ಅಂತ ಅರ್ಜಿ ಹಾಕಿದರು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲ್ಲ ಅಂತ ಟ್ರಿಬ್ಯೂನಲ್‌ಗೆ ಹೋಗಿ 2016ರಲ್ಲಿ ಸೋತಿತು. ಡೇಟಾ ಸಿಕ್ಕ ಮೇಲೆ ಮೂಲ ವ್ಯಾಖ್ಯೆಯಲ್ಲೇ ಲೆಕ್ಕ ಹಾಕಿದರೆ 22% ಇದ್ದದ್ದು ಸಿಬಿಟಿಗೆ 7%, ವ್ಯಾಯಾಮಕ್ಕೆ 4% ಆಯ್ತು. ಉಳಿದ ಎರಡು ಗುಂಪುಗಳಲ್ಲಿ 2-3%. ಸಂಖ್ಯಾಶಾಸ್ತ್ರದ ಪ್ರಕಾರ ಅದು ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಅಲ್ಲ.

ಸಂಶೋಧಕರ ಮಾತನ್ನೂ ಹೇಳಬೇಕು. ಫಲಿತಾಂಶ ನೋಡುವ ಮೊದಲೇ ಬದಲಾಯಿಸಿದ್ದೆವು, ಸರಾಸರಿ ಸುಧಾರಣೆ ನಿಜವಾಗಿ ಇತ್ತು ಅಂತ ಅವರ ವಾದ. ಈ ಕ್ಷೇತ್ರದ ಕೆಲವು ಸಂಶೋಧಕರಿಗೆ ಬೆದರಿಕೆ ಬಂದದ್ದೂ ಉಂಟು, ಅದು ತಪ್ಪು. ಆದರೆ ಸುಧಾರಣೆ ಎಂದದ್ದು ಮುಖ್ಯವಾಗಿ ರೋಗಿಗಳೇ ತುಂಬಿದ ಪ್ರಶ್ನಾವಳಿಯಲ್ಲಿ, ಮತ್ತು ತಮಗೆ ಯಾವ ಥೆರಪಿ ಅಂತ ಅವರಿಗೆ ಗೊತ್ತಿತ್ತು. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ವ್ಯಾಯಾಮದ ಗುಂಪು ವರ್ಷದ ಕೊನೆಗೆ ನಡೆದದ್ದು ಸರಾಸರಿ 379 ಮೀಟರ್. ವಿರೂಪಾಕ್ಷ ಗುಡಿಯಿಂದ ಎದುರು ಬಸವಣ್ಣನ ಕಡೆ ಹೊರಟರೆ ಹೆಚ್ಚುಕಮ್ಮಿ ಅರ್ಧ ದಾರಿ. 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಿಂದ ಈ ಏರುವ ವ್ಯಾಯಾಮವನ್ನು ತೆಗೆದುಹಾಕಿತು.

ಅತ್ತೆಯ ವಿಷಯಕ್ಕೆ ಹತ್ತಿರದ್ದು ಇನ್ನೊಂದು ಅಧ್ಯಯನ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತ ಸೋಂಕು ತಗುಲಿದ 253 ಜನರನ್ನು ಶುರುವಿನಿಂದಲೇ ಗಮನಿಸಿದರು. ಅದರಲ್ಲಿ ಒಂದು ರಾಸ್ ರಿವರ್ ವೈರಸ್, ಚಿಕುನ್‌ಗುನ್ಯಾದ ಹತ್ತಿರದ ಸಂಬಂಧಿ. ಆರು ತಿಂಗಳ ನಂತರ ಸುಮಾರು 11% ಜನಕ್ಕೆ ಸಿಎಫ್‌ಎಸ್ ಇತ್ತು. ಯಾರಿಗೆ ಉಳಿಯುತ್ತೆ ಅನ್ನೋದನ್ನು ಮೊದಲು ಬಂದ ಜ್ವರದ ತೀವ್ರತೆ ಹೇಳುತ್ತಿತ್ತು, ಅವರ ಮನಸ್ಸಿನ ಸ್ವಭಾವ ಅಲ್ಲ. 2006ರಲ್ಲಿ ಬಂತು ಆ ಪೇಪರ್. ಅದೇ ವರ್ಷ ಭಾರತದಲ್ಲಿ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣ, ಅದರಲ್ಲಿ 7.5 ಲಕ್ಷ ಕರ್ನಾಟಕದಲ್ಲೇ!

ಭಾರತದ್ದೇ ಒಂದು ಅಧ್ಯಯನ ನಮ್ಮ ಪಕ್ಕದ ಗೋವಾದಲ್ಲಿ ನಡೆದಿದೆ, 2005ರಲ್ಲಿ ಪ್ರಕಟವಾಯ್ತು. ವಿಕ್ರಮ್ ಪಟೇಲ್ ಮತ್ತು ಜೊತೆಯವರು 2494 ಹೆಂಗಸರನ್ನು ಕೇಳಿದರು. ಆರು ತಿಂಗಳಿಗಿಂತ ಹೆಚ್ಚಿನ ಸುಸ್ತು 12% ಜನಕ್ಕೆ ಇತ್ತು. ಆಶ್ಚರ್ಯ ಅಂದರೆ ಹಿಮೋಗ್ಲೋಬಿನ್‌ಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಬಡತನ, ಮನೆಯಲ್ಲಿನ ಹಿಂಸೆ, ಮಾನಸಿಕ ಸಂಕಟಕ್ಕೆ ಸಂಬಂಧ ಕಂಡಿತು. ಇದು ಸುಸ್ತು ಎಂಬ ಲಕ್ಷಣದ ಅಧ್ಯಯನ, ಸಿಎಫ್‌ಎಸ್ ಕಾಯಿಲೆಯದ್ದಲ್ಲ. ಎರಡನ್ನೂ ಬೆರೆಸಿದರೆ ಮತ್ತೆ ಆ ಒಂದೇ ಬುಟ್ಟಿಯ ತಪ್ಪು. ಹಾಗಂತ ಮನಸ್ಸಿನ ಕಡೆ ನೋಡಲೇಬಾರದು ಅನ್ನೋದನ್ನೂ ನಾನು ಒಪ್ಪಲ್ಲ.

ಇವತ್ತಿಗೂ ಈ ಕಾಯಿಲೆ ಹಿಡಿಯುವ ಒಂದು ರಕ್ತಪರೀಕ್ಷೆ ಇಲ್ಲ. 2025ರಲ್ಲಿ 15 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ನೋಡಿದ ಬ್ರಿಟಿಷ್ ತಂಡಕ್ಕೆ 8 ಜಾಗಗಳಲ್ಲಿ ವ್ಯತ್ಯಾಸ ಸಿಕ್ಕಿದೆ. ಕೋವಿಡ್ ನಂತರ ಲಾಂಗ್ ಕೋವಿಡ್‌ನಿಂದಾಗಿ ದುಡ್ಡು, ಗಮನ ಎರಡೂ ಸ್ವಲ್ಪ ಬಂದಿದೆ.

ಅತ್ತೆಗೆ ಇದೇ ಕಾಯಿಲೆ ಅಂತ ನಾನು ಹೇಳೋಕಾಗಲ್ಲ, ನಾನು ಓದುತ್ತಿರೋದು ಇಂಜಿನಿಯರಿಂಗ್. ಎಕ್ಸೆಲ್ ಶೀಟ್ ಡಿಲೀಟ್ ಮಾಡಿ ಒಂದು ನೋಟ್‌ಬುಕ್ ಕೊಟ್ಟೆ. ದಿನಾ ಏನು ಮಾಡಿದರು, ಎರಡು ದಿನ ಆದ ಮೇಲೆ ಹೇಗಿದ್ದರು ಅಂತ ಅತ್ತೆ ಬರೆದಿಡುತ್ತಾರೆ. ತರಕಾರಿ ಹೆಚ್ಚೋದು ಕೂತುಕೊಂಡೇ, ಬಟ್ಟೆ ಒಗೆದ ದಿನ ಬೇರೆ ಕೆಲಸ ಇಲ್ಲ. ಈಗ 40 ಪುಟ ತುಂಬಿದೆ. ಸೆಮಿಸ್ಟರ್ ರಜೆಯಲ್ಲಿ ಅದನ್ನು ತಗೊಂಡು ಹೊಸಪೇಟೆಯಲ್ಲಿ ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಬ್ಯಾಂಡ್ ಇನ್ನೂ ಕೈಯಲ್ಲೇ ಇದೆ. "ಟೈಮ್ ನೋಡಾಕ ಚಲೋ ಐತಿ" ಅಂತಾರೆ.